ಮೂವತ್ತೊಂಬತ್ತನೇ ಗುಡಿಸಲು

ನಮ್ಮ ಗುಡಿಸಲು ಚೆನ್ನಾಗಿತ್ತು. ನಾವು ಮಾಡಿದ ತಪ್ಪು ಅದು.

ಬೈದೋವಾ ಪಟ್ಟಣದ ಹೊರಗೆ, ಇಟ್ಟಿಗೆಗೂಡುಗಳಿಂದಾಚೆಯ ಬಯಲಿನಲ್ಲಿ ಮುನ್ನೂರು ಗುಡಿಸಲುಗಳ ಶಿಬಿರ ನಮ್ಮದು. ಕಡ್ಡಿ ಬಗ್ಗಿಸಿ ನೆಟ್ಟು, ಮೇಲೆ ಹರಕು ಬಟ್ಟೆ, ಗೋಣಿತಾಟು, ಸಕ್ಕರೆ ಚೀಲ ಹೊದಿಸಿದ ಗುಡಿಸಲುಗಳು. ಗಾಳಿ ಬಂದರೆ ಅರ್ಧಕ್ಕರ್ಧ ಮಲಗುತ್ತಿದ್ದವು. ನಮ್ಮದು ಅಲುಗುತ್ತಿರಲಿಲ್ಲ. ಅದನ್ನು ಕಟ್ಟಿದವಳು ನನ್ನ ಅಮ್ಮ ಮದೀನೊ.

ಅಮ್ಮ ಹುಡುಗಿಯಾಗಿದ್ದಾಗ ಒಂಟೆ ಸಾಕುವವರ ಮನೆಯಲ್ಲಿ ಆಳಾಗಿದ್ದಳು. ಅವರು ಮೆತ್ತಗೂದಲಿನವರು. ನಾವು ಜುಬ್ಬಾ ನದಿದಂಡೆಯಲ್ಲಿ ಮಣ್ಣು ಅಗೆಯುವವರು, ಗಡಸುಗೂದಲಿನವರು. ನಮ್ಮ ದೇಶದಲ್ಲಿ ಒಬ್ಬ ಮನುಷ್ಯನ ಬೆಲೆ ಗೊತ್ತಾಗಬೇಕಾದರೆ ಅವನ ತಲೆ ಮುಟ್ಟಿ ನೋಡಿದರೆ ಸಾಕು. ಒಂಟೆಯವರಲ್ಲಿ ಮನೆ ಕಟ್ಟುವುದು ಹೆಂಗಸರ ಕೆಲಸ. ಮದುವೆಯಾಗುವ ಹುಡುಗಿಗೆ ತವರಿನ ಹೆಂಗಸರು ಸೇರಿ ಹೊಸ ಮನೆ ಹೆಣೆಯಬೇಕು. ಆ ಮನೆ ಅವಳದು, ಸಾಯುವವರೆಗೂ ಅವಳದು. ಗಂಡ ಬಿಟ್ಟರೆ ಗಂಡ ಹೋಗಬೇಕು, ಮನೆ ಹೋಗುವುದಿಲ್ಲ. ಅಂಥ ಹನ್ನೊಂದು ಮದುವೆಮನೆಗಳನ್ನು ಅಮ್ಮ ಹೆಣೆದಿದ್ದಳು. ಹನ್ನೊಂದು ಮದುವೆಯಲ್ಲೂ ಅವಳು ಉಂಡದ್ದು ಬೇಲಿಯಾಚೆ, ಎಲ್ಲರೂ ಎದ್ದ ಮೇಲೆ.

ನದಿದಂಡೆಯ ನಮ್ಮ ಹೊಲವನ್ನು ಬಂದೂಕಿನವರು ಕಿತ್ತುಕೊಂಡರು. ಅಪ್ಪ ಅಡ್ಡ ನಿಂತ. ಅವನನ್ನು ಹೊಲದಲ್ಲೇ ಹೂತೆವು. ಹನ್ನೆರಡು ದಿನ ನಡೆದು ಇಲ್ಲಿಗೆ ಬಂದೆವು. ದಾರಿಯಲ್ಲಿ ತಮ್ಮನನ್ನೂ ಹೂತೆವು. ಅವನ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಉಳಿದವರು ಮೂವರು. ಅಮ್ಮ, ಹದಿನೆಂಟರ ನಾನು ಬಿಶಾರೊ, ನಾಲ್ಕು ವರ್ಷದ ತಂಗಿ ನಸ್ತೇಹೊ. ಅಮ್ಮ ಸೌದೆ ಹೊತ್ತು ಮಾರುತ್ತಿದ್ದಳು. ನಾನು ಪಟ್ಟಣದ ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆ ವರ್ಷ ಎರಡನೇ ಮಳೆಯೂ ಬರಲಿಲ್ಲ. ಬಯಲಿಗೆ ದಿನವೂ ಹೊಸ ಜನ ಬಂದು ಬೀಳುತ್ತಿದ್ದರು. ಒಗೆಯುವ ಕೈ ಹೆಚ್ಚಾದವು, ಬಟ್ಟೆ ಅಷ್ಟೇ ಇತ್ತು. ವಾರಕ್ಕೆ ಒಂದು ಮನೆ ಸಿಕ್ಕರೆ ಪುಣ್ಯ.

ಸರ್ವೆಯವಳು ಬಂದದ್ದು ಆಗ. ಸಹಾಯದ ಆಫೀಸಿನ ಹುಡುಗಿ, ಹೆಸರು ಫರ್ಹಿಯ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಗಲದ ಫೋನು. ಗುಡಿಸಲಿಂದ ಗುಡಿಸಲಿಗೆ ಹೋಗಿ ಯಾರು ಎಷ್ಟು ಬಡವರು ಎಂದು ಅಳೆಯುವುದು ಅವಳ ಕೆಲಸ. ಹೆಚ್ಚು ಬಡವರಿಗೆ ಕಾರ್ಡು. ಕಾರ್ಡಿದ್ದರೆ ತಿಂಗಳಿಗೆ ಜೋಳ, ಎಣ್ಣೆ, ಸೊರಗಿದ ಮಕ್ಕಳಿಗೆ ಹಿಟ್ಟು.

"ಅಸ್ಸಲಾಮು ಅಲೈಕುಂ ಚಿಕ್ಕಮ್ಮ. ಒಳಗೆ ಬರ್ಲಾ?"

ಅಮ್ಮ ಅವಳನ್ನು ಚಾಪೆಯ ಮೇಲೆ ಕೂರಿಸಿ ನನ್ನತ್ತ ಒಂದು ಸಲ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ನಾನು ಪಕ್ಕದ ಹಬೀಬೊ ಅತ್ತೆಯ ಗುಡಿಸಲಿಗೆ ಓಡಿದೆ. ಅತ್ತೆಯೂ ನಮ್ಮ ಹಾಗೆ ನದಿದಂಡೆಯಿಂದ ಬಂದವಳು, ಐದು ಮಕ್ಕಳ ತಾಯಿ.

"ಅತ್ತೆ, ಒಂಚೂರು ಸಕ್ಕರೆ, ಚಹಾಪುಡಿ."

"ಯಾರು ಬಂದ್ರೇ? ನಿನ್ನ ನೋಡೋಕೆ ಗಂಡಿನ ಕಡೆಯೋರಾ?"

"ಸರ್ವೆಯವಳು."

"ಅಯ್ಯೋ ಹುಚ್ಚುಮುಂಡೇದೇ! ಸರ್ವೆಯವಳಿಗೆ ಯಾರಾದ್ರೂ ಚಹಾ ಕೊಡ್ತಾರಾ? ಅವಳ ಮುಂದೆ ಖಾಲಿ ಪಾತ್ರೆ ಬೋರಲು ಹಾಕ್ಬೇಕು ಕಣೇ. ನಾನು ನೋಡು, ಒಲೆಗೆ ನೀರು ಹುಯ್ದು, ಇದ್ದ ಒಂದು ಚಾಪೇನೂ ಸುತ್ತಿಟ್ಟು ಕಾಯ್ತಾ ಇದೀನಿ."

"ಅಮ್ಮ ಕೇಳಲ್ಲ ಅತ್ತೆ."

"ನಿಮ್ಮಮ್ಮ ಸುಲ್ತಾನನ ಮಗಳು. ತಗೊಂಡು ಹೋಗು."

ಚಹಾ ಆಯಿತು. ಹಾಲಿಲ್ಲ, ಸಕ್ಕರೆ ಇತ್ತು. ಇದ್ದ ಒಂದೇ ಗಾಜಿನ ಲೋಟದಲ್ಲಿ ಅಮ್ಮ ಅದನ್ನು ಫರ್ಹಿಯಳ ಮುಂದಿಟ್ಟಳು. ಫರ್ಹಿಯ ಫೋನು ತೆರೆದಳು.

"ನಿನ್ನೆ ಎಷ್ಟು ಸಲ ಊಟ ಮಾಡಿದ್ರಿ ಚಿಕ್ಕಮ್ಮ?"

"ಅಲ್‌ಹಮ್ದುಲಿಲ್ಲಾ."

"ಎಷ್ಟು ಸಲ ಅಂತ."

"ದೇವರು ಕೊಟ್ಟಷ್ಟು ಸಲ."

"ಇದರಲ್ಲಿ ಒಂದು, ಎರಡು, ಮೂರು ಅಂತ ಇದೆ ಚಿಕ್ಕಮ್ಮ. ಯಾವುದಾದ್ರೂ ಒಂದನ್ನ ನಾನು ಒತ್ತಲೇಬೇಕು."

"ಚಹಾ ಆರುತ್ತೆ, ಕುಡಿ ಮಗಳೇ."

"ಮೂರಾ?"

ಅಮ್ಮ ಸೆರಗಿನ ತುದಿಯಿಂದ ನೊಣ ಓಡಿಸಿದಳು. ಫರ್ಹಿಯ ಒತ್ತಿದಳು.

ಹಿಂದಿನ ದಿನ ನಡೆದದ್ದು ಇಷ್ಟು. ಒಂದು ಹಿಡಿ ಜೋಳದ ಹಿಟ್ಟಿನ ಅಂಬಲಿಯನ್ನು ನಸ್ತೇಹೊ ಕುಡಿದಿದ್ದಳು. ಅದೇ ಪಾತ್ರೆಗೆ ನೀರು ಹಾಕಿ ಗಲಬರಿಸಿ ನಾನೂ ಅಮ್ಮನೂ ಕುಡಿದಿದ್ದೆವು. ನಾನು ಅಲ್ಲೇ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ನನಗೆ ಬಾಯಿತ್ತು. ಹೇಳಲಿಲ್ಲ. ಮನೆಯೊಳಗೆ ಬಂದು ಕೂತವರಿಗೆ ಇಲ್ಲಿ ಏನೂ ಇಲ್ಲ ಎನ್ನುವುದು ಎದ್ದು ಹೋಗು ಎಂದ ಹಾಗೆ. ಇದನ್ನು ನಮಗೆ ಯಾರೂ ಕಲಿಸಿಲ್ಲ. ಆದರೂ ಗಂಟಲಲ್ಲಿ ಅದು ಮುಳ್ಳಿನ ಹಾಗೆ ಅಡ್ಡ ನಿಲ್ಲುತ್ತದೆ. ಅಮ್ಮನಿಗೆ ಮಾತ್ರವಲ್ಲ, ನನಗೂ ನಿಂತಿತು.

"ಸೂರು ಸೋರುತ್ತಾ?" ಫರ್ಹಿಯ ತಲೆಯೆತ್ತಿ ನೋಡಿದಳು.

ಈ ಪ್ರಶ್ನೆಗೆ ಅಮ್ಮ ನೇರವಾಗಿ ಉತ್ತರ ಕೊಟ್ಟಳು. "ನಾನು ಕಟ್ಟಿದ ಮನೆ ಸೋರಲ್ಲ."

ಫರ್ಹಿಯ ಅದನ್ನೂ ಒತ್ತಿದಳು. ಚಹಾ ಪೂರ್ತಿ ಕುಡಿದಳು. ಹೋಗುವಾಗ, "ನಿಮ್ಮ ಮನೆ ತುಂಬಾ ಚೆನ್ನಾಗಿದೆ ಚಿಕ್ಕಮ್ಮ" ಎಂದಳು. ಅಮ್ಮ ಆ ದಿನವಿಡೀ ಸಂತೋಷವಾಗಿದ್ದಳು.

ಹತ್ತು ದಿನದ ಮೇಲೆ ನೀರಿನ ತೊಟ್ಟಿಯ ಹತ್ತಿರದ ಮರಕ್ಕೆ ಪಟ್ಟಿ ಅಂಟಿಸಿದರು. ಊರಿನಲ್ಲಿ ನಾನು ನಾಲ್ಕು ವರ್ಷ ಶಾಲೆಗೆ ಹೋಗಿದ್ದೆ. ಓದು ಬರದವರು ನನ್ನ ಸುತ್ತ ನಿಂತರು. ನಾನು ಹೆಸರು ಓದುತ್ತ ಹೋದೆ. ಹಬೀಬೊ ಅತ್ತೆಯ ಹೆಸರು ಬಂತು. ಅವಳು ಖುಷಿಗೆ ನಾಲಿಗೆ ಮಡಿಸಿ ಉಲೂಲು ಹಾಕಿದಳು. ನಾನು ಕೊನೆಯವರೆಗೂ ಓದಿದೆ, ಮತ್ತೆ ಮೊದಲಿನಿಂದ ಓದಿದೆ. ನಮ್ಮ ಹೆಸರು ಇರಲಿಲ್ಲ. ಆದರೆ ಶಿಬಿರದಲ್ಲಿ ನಾನು ಎಂದೂ ಕೇಳದ ಹೆಸರುಗಳು ಸಾಲಾಗಿ ಇದ್ದವು. ಎಣಿಸಿದೆ. ಮೂವತ್ತೆಂಟು.

ಅಮ್ಮ ನನ್ನನ್ನು ಕರೆದುಕೊಂಡು ನೂರೋವನ ಹತ್ತಿರ ಹೋದಳು.

ಈ ಬಯಲು ತನ್ನ ಕುಲದ್ದು, ಒಂಟೆಯವರದ್ದು ಎನ್ನುತ್ತಾನೆ ನೂರೋವ. ಯಾರು ಎಲ್ಲಿ ಗುಡಿಸಲು ಹಾಕಬೇಕು, ಯಾರು ಮೊದಲು ನೀರು ಹಿಡಿಯಬೇಕು ಎಲ್ಲ ಅವನ ಮಾತು. ಜೋಳ ಬಂದ ದಿನ ಪ್ರತಿ ಮನೆಯ ಚೀಲದಲ್ಲಿ ಮೂರನೇ ಒಂದು ಪಾಲು ಅವನ ತಗಡಿನ ಗೋದಾಮಿಗೆ ಹೋಗುತ್ತದೆ. ಇಂಥವರನ್ನು ನಮ್ಮಲ್ಲಿ ಕರಿಬೆಕ್ಕು ಎನ್ನುತ್ತಾರೆ, ಅವರು ಇಲ್ಲದಾಗ. ಅವನು ಗೋದಾಮಿನ ನೆರಳಿನಲ್ಲಿ ನಾಲ್ಕು ಜನರ ಜೊತೆ ಅಮಲೇರಿಸುವ ಖಾತ್ ಸೊಪ್ಪು ಅಗಿಯುತ್ತ ಒರಗಿದ್ದ.

"ನಮ್ಮ ಹೆಸರು ಇಲ್ಲ ಅಣ್ಣ," ಅಮ್ಮ ಅಂದಳು.

"ಗೊತ್ತು."

"ಮಗೂನ ನೀನೇ ನೋಡಿದೀಯಲ್ಲ."

"ಮಗು ನೋಡಿ ಕಾರ್ಡು ಕೊಡೋನು ನಾನಾ? ಕೊಡೋದು ಆ ಫೋನು. ಮೂರು ಊಟ ಮಾಡ್ತೀವಿ ಅಂದೆಯಂತೆ. ಬಂದೋಳಿಗೆ ಸಕ್ಕರೆ ಹಾಕಿ ಚಹಾ ಬೇರೆ. ನನಗೆ ಒಂದಿನ ಕೊಟ್ಟಿದೀಯಾ?"

ಜೊತೆಯವರು ನಕ್ಕರು. ಒಬ್ಬ ಅಂದ, "ಗಡಸುಗೂದಲಿನೋರಿಗೆ ಹೊಟ್ಟೆಗಿಲ್ಲದಿದ್ರೂ ದೊಡ್ಡಸ್ತಿಕೆಗೆ ಕಮ್ಮಿ ಇಲ್ಲ."

ಅಮ್ಮ ನಿಂತೇ ಇದ್ದಳು. ಅವಳನ್ನು ಯಾರೂ ಕೂರು ಅನ್ನಲಿಲ್ಲ. ನೂರೋವ ಬಾಯಲ್ಲಿದ್ದ ಸೊಪ್ಪನ್ನು ಇನ್ನೊಂದು ದವಡೆಗೆ ಸರಿಸಿದ.

"ಒಂದು ದಾರಿ ಇದೆ. ಪಟ್ಟಿಯಲ್ಲಿ ಮೂವತ್ತೆಂಟು ಹೆಸರು ಇದಾವೆ, ಮನೆ ಇಲ್ಲ. ನಮ್ಮೋರವು. ಬರೋ ಗುರುವಾರ ದೊಡ್ಡ ಆಫೀಸಿನೋರು ಬಂದು ಹೆಸರಿಗೊಂದು ಮನೆ ಇದೆಯಾ ಅಂತ ನೋಡ್ತಾರೆ. ತೆಂಕಣ ಕಡೆ ಬಯಲಲ್ಲಿ ಮೂವತ್ತೆಂಟು ಗುಡಿಸಲು ನಿಲ್ಲಿಸು. ಮೂವತ್ತೊಂಬತ್ತನೇದು ನಿಂದು. ನಂಬರು ನಾನೇ ಬರೆಸ್ತೀನಿ. ಕಾರ್ಡು ಬರುತ್ತೆ."

"ಎಂಟು ದಿನ ಇದೆ ಅಣ್ಣ. ಮೂವತ್ತೆಂಟು..."

"ನಿನ್ನ ಮಗಳಿದಾಳಲ್ಲ, ಒಳ್ಳೆ ಹೋರಿಯಂಗೆ."

ಅಮ್ಮ ಒಪ್ಪಿದಳು. ಅವು ಯಾರ ಮನೆಗಳೆಂದು ಇಬ್ಬರಿಗೂ ಗೊತ್ತಿತ್ತು. ಪಟ್ಟಣದಲ್ಲಿ ಕಲ್ಲಿನ ಮನೆ ಇರುವವರವು. ಅವರಲ್ಲಿ ಇಬ್ಬರ ಮನೆಯ ಬಟ್ಟೆ ನಾನೇ ಒಗೆದಿದ್ದೆ.

ಎಂಟು ದಿನ ಕೆಲಸ ಮಾಡಿದೆವು. ಬೆಳಗಿನ ಬಾಂಗಿಗೆ ಎದ್ದು ಎರಡು ಗಂಟೆ ನಡೆದು ಜಾಲಿ ಕಡಿಯುವುದು. ಹತ್ತಿರದ್ದನ್ನೆಲ್ಲ ಜನ ಆಗಲೇ ಕಡಿದು ಸುಟ್ಟಿದ್ದರು. ಹೊರೆ ಹೊತ್ತು ಬರುವುದು. ಹಸಿ ಕಡ್ಡಿ ಬಗ್ಗಿಸಿ ನೆಡುವುದು. ನನ್ನ ಹಿಮ್ಮಡಿಗೆ ಮುಳ್ಳು ಹೊಕ್ಕು ಕೀವು ತುಂಬಿತು. ಹಗ್ಗ ಬೇಕಿತ್ತು. ಹಗ್ಗ ಎಲ್ಲಿಯದು? ಜಾಲಿಯ ಒಳತೊಗಟೆಯನ್ನು ಸುಲಿದು, ಹಲ್ಲಿನಲ್ಲಿ ಅಗಿದು ಅಗಿದು ಮೆತ್ತಗೆ ಮಾಡಿ, ನಾರು ತೆಗೆದು, ತೊಡೆಯ ಮೇಲೆ ಹೊಸೆಯಬೇಕು. ಅಮ್ಮ ದಿನವಿಡೀ ಅಗಿದಳು. ತೊಗಟೆಯ ಒಗರಿಗೆ ನಾಲಿಗೆ ಸೀಳಿತು. ವಸಡಿನಿಂದ ರಕ್ತ ಬಂದು ನಾರು ಕೆಂಪಾಯಿತು. ಖಾಲಿ ಹೊಟ್ಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಗಿಯುವುದು. ನುಂಗಲು ಮಾತ್ರ ಏನೂ ಇಲ್ಲ. ನೂರೋವನ ಮನೆಯಿಂದ ಮಧ್ಯಾಹ್ನ ಒಂದು ತಟ್ಟೆ ಜೋಳದ ಮುದ್ದೆ ಬರುತ್ತಿತ್ತು. ಅದರಲ್ಲಿ ಅರ್ಧ ನಸ್ತೇಹೊಗೆ, ಉಳಿದದ್ದು ನನಗೆ. ಅಮ್ಮ ಬಾಯಿ ಹುಣ್ಣಾಗಿದೆ ಎನ್ನುತ್ತಿದ್ದಳು. ನಿಜವೂ ಆಗಿತ್ತು.

ಈ ಗುಡಿಸಲುಗಳಿಗೆ ಅಮ್ಮ ಬೇರೆ ಥರ ಗಂಟು ಹಾಕುತ್ತಿರುವುದನ್ನು ನಾನು ನೋಡಿದೆ. ನಮ್ಮ ಮನೆಗೆ ಸೇರುವೆ ಸೇರುವೆಗೂ ಗಂಟಿತ್ತು. ಇಲ್ಲಿ ಒಂದೇ ಹಗ್ಗ ಎಲ್ಲ ಕಡ್ಡಿಗಳನ್ನು ಸುತ್ತಿ ಬಂದು ಬಾಗಿಲ ಎಡಗಡೆ ಒಂದು ಕುಣಿಕೆಯಲ್ಲಿ ಮುಗಿಯುತ್ತಿತ್ತು.

"ಇದ್ಯಾವ ಗಂಟಮ್ಮ?"

"ಒಂಟೆಯೋರದು. ಬೆಳಿಗ್ಗೆ ಎದ್ದು ಗುಳೆ ಹೊರಡೋ ಮನೆಗೆ ಹಾಕೋದು. ಎಳೆದ್ರೆ ಬಿಚ್ಚಬೇಕು, ಹೊತ್ತಾಗಬಾರದು."

"ಇಲ್ಯಾಕೆ?"

"ಹಗ್ಗ ಉಳಿಯುತ್ತೆ."

ಹಗ್ಗ ಉಳಿಯುವುದು ನಿಜ. ನಾನು ಮತ್ತೆ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಬುಧವಾರ ನೂರೋವ ಬಂದು ಸಾಲಿನುದ್ದಕ್ಕೂ ನಡೆದ. ಒಳಗೆ ಬಗ್ಗಿ ನೋಡಿದ.

"ಗುಡಿಸಲು ಸರಿ. ಸಂಸಾರ ಎಲ್ಲಿ? ಒಲೆ ಹಾಕು. ಮೂರು ಕಲ್ಲು, ಮಧ್ಯೆ ಬೂದಿ. ಹಳೇ ಚಪ್ಪಲಿ, ಡಬ್ಬ ಏನಾದ್ರೂ ಬಿಸಾಕು. ಬಂದೋರಿಗೆ ಜನ ಇದಾರೆ ಅನ್ನಿಸ್ಬೇಕು."

ಮೂವತ್ತೆಂಟು ಮನೆಗೆ ಬೂದಿ ಬೇಕಾಯಿತು. ನಮ್ಮ ಒಲೆಯಲ್ಲಿ ಒಂದು ಮನೆಗಾಗುವಷ್ಟೂ ಇರಲಿಲ್ಲ. ರಸ್ತೆಬದಿಯ ಚಹಾದಂಗಡಿಯಿಂದ ಗೋಣಿಚೀಲದಲ್ಲಿ ಬೂದಿ ತುಂಬಿ ತಲೆಯ ಮೇಲೆ ಹೊತ್ತು ತಂದೆ. ಅಂಗಡಿಯವನು ಕೇಳಿದ, "ಬೂದಿ ತಿನ್ನೋಕೆ ಶುರು ಮಾಡಿದ್ರೇನೇ?" ಅಮ್ಮ ಮಂಡಿಯೂರಿ ಒಂದೊಂದು ಒಲೆಗೂ ಹಿಡಿಹಿಡಿಯಾಗಿ ಬೂದಿ ಹಾಕಿ ಕೈಯಿಂದ ಹರಡಿದಳು. ಎಂದೂ ಉರಿಯದ ಒಲೆಗಳು. ಅವಳು ಅದನ್ನೂ ಅಚ್ಚುಕಟ್ಟಾಗಿ ಮಾಡಿದಳು.

ಸಂಜೆ ನೂರೋವನ ಆಳು ಕೆಂಪು ಬಣ್ಣದ ಡಬ್ಬ ಹಿಡಿದು ಬಂದು ನಂಬರು ಬರೆದ. ಒಂದರಿಂದ ಮೂವತ್ತೆಂಟು. ಆಮೇಲೆ ನಮ್ಮ ಗುಡಿಸಲಿಗೆ ಬಂದು ಬಾಗಿಲ ಮೇಲಿನ ಗೋಣಿಗೆ ೩೯ ಎಂದು ಬರೆದ. ಬಣ್ಣ ಹಸಿಯಾಗಿತ್ತು. ಅಮ್ಮ ಅದನ್ನು ಮುಟ್ಟಿದಳು. ಬೆರಳ ತುದಿ ಕೆಂಪಾಯಿತು. ಅದನ್ನು ತೊಳೆಯದೆ ಹಾಗೇ ಮಲಗಿದಳು.

ಗುರುವಾರ ಬೆಳಿಗ್ಗೆ ಪಟ್ಟಣದಿಂದ ಎರಡು ವ್ಯಾನುಗಳಲ್ಲಿ ಹೆಂಗಸರು ಬಂದಿಳಿದರು. ಹಳೆಯ ಬಟ್ಟೆ ಉಟ್ಟುಕೊಂಡು ಬನ್ನಿ ಎಂದು ನೂರೋವ ಹೇಳಿದ್ದನೇನೋ, ಉಟ್ಟಿದ್ದರು. ಕಾಲಿನ ಮದರಂಗಿ ಮುಚ್ಚಲು ಮರೆತಿದ್ದರು. ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ನಂಬರು ನೋಡಿ ಒಳಗೆ ಹೊಕ್ಕರು. "ಏ, ನನ್ನ ಅರಮನೆ ಯಾವುದೇ?" "ನಿಂದು ಹದಿನಾಲ್ಕು, ಗಂಡನ್ನ ಹುಡುಕ್ಕೊಂಡು ಹದಿನೈದಕ್ಕೆ ಹೋಗ್ಬೇಡ!"

ನಮ್ಮ ಬಾಗಿಲಿಗೆ ನೂರೋವನೇ ಬಂದ. ಜೊತೆಯಲ್ಲಿ ಅವನ ತಮ್ಮನ ಹೆಂಡತಿ ಶುಕ್ರಿ. ಅವಳ ಕೈಯಲ್ಲಿ ಪಟ್ಟಿಯ ಹಾಳೆ, ಕಂಕುಳಲ್ಲಿ ಚೀಲ.

"ಮದೀನೊ, ನೀವಿಬ್ರೂ ಸಾಯಂಕಾಲದವರೆಗೂ ಒಣಹಳ್ಳದ ಕಡೆ ಹೋಗಿರಿ. ಇವತ್ತು ಈ ಮನೆಯಲ್ಲಿ ಶುಕ್ರಿ ಕೂರ್ತಾಳೆ."

ಅಮ್ಮನಿಗೆ ತಿಳಿಯಲಿಲ್ಲ. "ಇದು ನಮ್ದಲ್ವಾ ಅಣ್ಣ? ಮೂವತ್ತೊಂಬತ್ತು."

ನಾನು ಶುಕ್ರಿಯ ಕೈಯಲ್ಲಿದ್ದ ಹಾಳೆ ನೋಡಿದೆ. ನನಗೆ ಓದು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಮರೆಮಾಡಲಿಲ್ಲ. ಕೊನೆಯಲ್ಲಿ ಹೊಸದಾಗಿ ಸೇರಿಸಿದ ಸಾಲು: ಮೂವತ್ತೊಂಬತ್ತು, ಶುಕ್ರಿ ಆದನ್, ಮಕ್ಕಳು ಮೂರು.

"ಅಮ್ಮ, ಇವಳ ಹೆಸರಿದೆ," ಅಂದೆ.

ನೂರೋವ ಬೇಸರದಿಂದ ಕೈ ಒದರಿದ. "ಮುಂದಿನ ಸಲ ನಿಂದು ಹಾಕಿಸ್ತೀನಿ ಬಿಡು. ಆ ಮೂವತ್ತೆಂಟರಲ್ಲಿ ಸಂಸಾರದ ವಾಸನೆ ಇಲ್ಲ, ನಿಮ್ಮದರಲ್ಲಿ ಇದೆ. ಬಂದೋರು ಮೊದಲು ಇಲ್ಲಿಗೆ ಬರಲಿ ಅಂತ. ಹೊರಡಿ, ಗಾಡಿ ಬರೋ ಹೊತ್ತಾಯ್ತು."

ಅಮ್ಮ ನಸ್ತೇಹೊಳ ಕೈ ಹಿಡಿದಳು. ಆಗ ಶುಕ್ರಿ ಅಂದಳು:

"ಆ ಸಣ್ಣದನ್ನ ಬಿಟ್ಟು ಹೋಗಿ. ನನ್ನ ಮಕ್ಕಳು ದಪ್ಪಗಿದಾವೆ, ಕರ್ಕೊಂಡು ಬಂದಿಲ್ಲ. ಇಂಥಾದ್ದೊಂದು ಮಡಿಲಲ್ಲಿದ್ರೆ ಅವರು ಜಾಸ್ತಿ ಕೇಳಲ್ಲ."

ಅವಳು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದಳು. ನಸ್ತೇಹೊ ಅಮ್ಮನ ಕೈ ಬಿಡಿಸಿಕೊಂಡು ಹೋದಳು. ಯಾರೂ ಎಳೆಯಲಿಲ್ಲ. ತಾನೇ ಹೋಗಿ ಶುಕ್ರಿಯ ಮಡಿಲಲ್ಲಿ ಕೂತು ಎರಡೂ ಕೈಯಲ್ಲಿ ತಿನ್ನತೊಡಗಿದಳು. ಅವಳನ್ನು ನಾನು ಬೈಯುವುದಿಲ್ಲ. ಬಿಸ್ಕತ್ತಿಗೆ ನಾನೂ ಹೋಗುತ್ತಿದ್ದೆ.

ನೂರೋವನ ಆಳು ಕೋಲಿನ ತುದಿಯಿಂದ ಅಮ್ಮನ ಬೆನ್ನು ತಿವಿದ. ಅಮ್ಮ ನಡೆದಳು. ನಮ್ಮ ಶಿಬಿರದ ಅಂಚಿಗೆ ಮುಳ್ಳುಬೇಲಿಯಿದೆ. ಅಲ್ಲಿಯವರೆಗೆ ಹೋದೆವು. ಆಳು ಹಿಂದಿರುಗಿದ. ಅಮ್ಮ ಅಲ್ಲಿಂದ ಮುಂದೆ ಹೋಗಲಿಲ್ಲ. ಬೇಲಿಯ ಹಿಂದೆ ಕೂತು, ಬೆರಳಿನ ಕೆಂಪನ್ನು ಮರಳಿನಲ್ಲಿ ಉಜ್ಜುತ್ತ ಇದ್ದಳು.

ಬಿಳಿಯ ಗಾಡಿಗಳು ಬಂದವು. ದೊಡ್ಡ ಆಫೀಸಿನ ಇಬ್ಬರು ಗಂಡಸರು, ಜೊತೆಗೆ ಫರ್ಹಿಯ. ನೂರೋವ ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿ ಸೀದಾ ನಮ್ಮ ಗುಡಿಸಲಿಗೆ ಕರೆತಂದ. ಬೇಲಿಯಿಂದ ಅದು ಮೂವತ್ತು ಹೆಜ್ಜೆ. ಮಾತು ಕೇಳಿಸುತ್ತಿತ್ತು.

"ಈ ಮನೆ ನಿಮ್ದಾ?" ಫರ್ಹಿಯ ಕೇಳಿದಳು. ಅವಳ ಧ್ವನಿಯಲ್ಲಿ ಏನೋ ತಡವರಿಕೆ ಇತ್ತು.

"ನಂದೇ ಮಗಳೇ."

"ಮಗು?"

"ನನ್ನ ಹೊಟ್ಟೇದು. ನೋಡು ಹೆಂಗಾಗಿದೆ."

"ನಿನ್ನೆ ಎಷ್ಟು ಸಲ ಊಟ ಮಾಡಿದ್ರಿ?"

"ಎಲ್ಲಿಯ ಊಟ? ಎರಡು ದಿನ ಆಯ್ತು ಒಲೆ ಹಚ್ಚಿ. ಮಗು ರಾತ್ರಿಯೆಲ್ಲ ಅಳುತ್ತೆ, ಬರೀ ನೀರು ಕುಡಿಸಿ ಮಲಗಿಸ್ತೀನಿ."

ಅಮ್ಮನಿಗೆ ಹೇಳಲಾಗದ ಒಂದೊಂದು ಮಾತನ್ನೂ ಅವಳು ಎಷ್ಟು ಸಲೀಸಾಗಿ ಹೇಳಿದಳು! ಎಲ್ಲವೂ ನಿಜ. ನಮ್ಮ ನಿಜ. ನಮ್ಮ ಮನೆಯಲ್ಲಿ ಕೂತು, ನಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು, ನಮ್ಮ ಹಸಿವನ್ನೂ ಅವಳು ತನ್ನ ಹೆಸರಿಗೆ ಬರೆಸಿಕೊಂಡಳು.

ಅಮ್ಮ ಎದ್ದಳು. ಬೇಲಿಯ ಸಂದಿಯಲ್ಲಿ ನುಗ್ಗಿದಳು. ಮುಳ್ಳಿಗೆ ಸೆರಗು ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲಿಲ್ಲ, ಹರಿಯಿತು. ನಾನು ಅವಳ ಹಿಂದೆ ಓಡಿದೆ.

"ಯಾರಿವಳು?" ಆಫೀಸಿನವನು ಕೇಳಿದ.

"ಹುಚ್ಚಿ. ನದಿಯೋಳು," ನೂರೋವ ಅಂದ. "ಏಯ್, ಹೋಗೇ ಆ ಕಡೆ!"

ಅಮ್ಮ ಅವನನ್ನು ನೋಡಲೇ ಇಲ್ಲ. ಬಾಗಿಲಲ್ಲಿ ನಿಂತು ಶುಕ್ರಿಗೆ ಹೇಳಿದಳು:

"ಈ ಮನೆ ನಿಂದಾದ್ರೆ ಬಿಚ್ಚು."

"ಏನು?"

"ಬಿಚ್ಚು ಅಂದೆ. ಕಟ್ಟಿದೋಳಿಗೆ ಬಿಚ್ಚೋಕೆ ಬರುತ್ತೆ. ನಿಮ್ಮಲ್ಲಿ ಹೆಣ್ಣು ಮಕ್ಕಳು ಮನೆ ಕಟ್ತಾರಲ್ಲ, ನಿಮ್ಮಮ್ಮ ಕಲಿಸಿಲ್ವಾ? ಮೊದಲ ಗಂಟು ಎಲ್ಲಿದೆ ತೋರ್ಸು."

ಶುಕ್ರಿ ಸುತ್ತ ನೋಡಿದಳು. ಕಡ್ಡಿ, ನಾರು, ಗೋಣಿ. ಒಂದು ಸೇರುವೆಗೆ ಕೈ ಹಾಕಿ ಎಳೆದಳು. ಏನೂ ಆಗಲಿಲ್ಲ. ಅಮ್ಮನ ಮನೆ ಹಾಗೆ ಬೀಳುವಂಥದ್ದಲ್ಲ.

ಅಮ್ಮ ಒಳಗೆ ಬಗ್ಗಿ ನಸ್ತೇಹೊಳನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಪಡುವಣ ಗೋಡೆಯ ಗೋಣಿ ಎತ್ತಿ ಬುಡದಲ್ಲಿದ್ದ ಗಂಟಿಗೆ ಬೆರಳು ಹಾಕಿ ಬಿಚ್ಚಿದಳು. ಅದರ ಮೇಲಿನದನ್ನು ಬಿಚ್ಚಿದಳು. ಮೂರನೆಯದನ್ನು ಬಿಚ್ಚುವಾಗ ಶುಕ್ರಿ ಕಿರುಚಿ ಹೊರಗೋಡಿ ಬಂದಳು. ಸೂರು ನಿಧಾನವಾಗಿ ಕುಸಿದು ೩೯ ಧೂಳಿನಲ್ಲಿ ಬೋರಲಾಗಿ ಬಿತ್ತು.

ಅಮ್ಮ ತೆಂಕಣ ಸಾಲಿನ ಕಡೆ ನಡೆದಳು. ಮೂವತ್ತೆಂಟನೇ ಗುಡಿಸಲಿನ ಎಡಗಡೆ ಕುಣಿಕೆ ಹಿಡಿದು ಎಳೆದಳು. ಅದು ಒಂದೇ ಸಲಕ್ಕೆ ಬಿತ್ತು. ಮೂವತ್ತೇಳು. ಮೂವತ್ತಾರು. ಒಳಗಿನಿಂದ ಮದರಂಗಿ ಕಾಲುಗಳು ಕಡ್ಡಿ ಒದೆಯುತ್ತ ಹೊರಬಂದವು. ತಲೆಗೆಲ್ಲ ಗೋಣಿ, ಮೈಗೆಲ್ಲ ಚಹಾದಂಗಡಿಯ ಬೂದಿ. ಆಳು ಓಡಿಬಂದು ಅಮ್ಮನ ಭುಜಕ್ಕೆ ಕೋಲಿನಿಂದ ಹೊಡೆದ. ಅವಳು ಇನ್ನೊಂದು ಕೈಯಲ್ಲಿ ಎಳೆದಳು. ಹನ್ನೊಂದು ಗುಡಿಸಲು ಬೀಳುವಷ್ಟರಲ್ಲಿ ಅವಳನ್ನು ನೆಲಕ್ಕೆ ಕೆಡವಿದರು. ಉಳಿದವನ್ನು ನಾನು ಎಳೆದೆ. ಕುಣಿಕೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಸ್ತೇಹೊ ಕಂಕುಳಲ್ಲಿದ್ದಳು, ಅವಳ ಬಾಯಲ್ಲಿ ಇನ್ನೂ ಬಿಸ್ಕತ್ತಿತ್ತು. ಎಷ್ಟು ಬೀಳಿಸಿದೆನೋ ಎಣಿಸಲಿಲ್ಲ. ನನ್ನನ್ನೂ ಹಿಡಿದರು.

ಫರ್ಹಿಯ ಫೋನು ಹಿಡಿದುಕೊಂಡು ನಿಂತೇ ಇದ್ದಳು. ಹಿಡಿದವರ ತೋಳಿನೊಳಗಿಂದ ನಾನು ಅವಳಿಗೆ ಕೂಗಿ ಹೇಳಿದೆ:

"ಅವತ್ತು ನಮ್ಮ ಮನೇಲಿ ಚಹಾ ಕುಡಿದ್ಯಲ್ಲ, ಅದು ಪಕ್ಕದ ಮನೆ ಸಕ್ಕರೆ. ನಾವು ಮೂರು ಊಟ ಮಾಡಿರ್ಲಿಲ್ಲ. ಪಾತ್ರೆ ತೊಳೆದ ನೀರು ಕುಡಿದಿದ್ವಿ. ಬರ್ಕೋ. ಅದರ ಹಿಂದಿನ ದಿನವೂ ಅಷ್ಟೇ, ಮುಂದಿನ ದಿನವೂ ಅಷ್ಟೇ. ಬರ್ಕೋ!"

ನೆಲದ ಮೇಲಿದ್ದ ಅಮ್ಮ ಮುಖ ಆಚೆ ತಿರುಗಿಸಿದಳು. ಏಟಿಗೆ ತಿರುಗಿಸದ ಮುಖ.

ಇಲ್ಲಿಗೆ ಮುಗಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಮುಂದೆ ನಡೆದದ್ದು ಬೇರೆ.

ಆಫೀಸಿನವರು ಶಿಬಿರದಲ್ಲಿ ಮೋಸವಾಗಿದೆ ಎಂದು ಬರೆದುಕೊಂಡು ಹೋದರು. ವಿಚಾರಣೆ ಮುಗಿಯುವವರೆಗೆ ಇಡೀ ಶಿಬಿರಕ್ಕೆ ಜೋಳ ನಿಲ್ಲಿಸಿದರು. ಮೂವತ್ತೆಂಟು ಮನೆಗಲ್ಲ, ಮುನ್ನೂರಕ್ಕೂ. ನೂರೋವನಿಗೆ ಏನೂ ಆಗಲಿಲ್ಲ. ಗೋದಾಮಿನಲ್ಲಿ ಇಟ್ಟದ್ದು ಅವನಿಗೆ ವರ್ಷಕ್ಕಾಗುವಷ್ಟಿತ್ತು. ಮೂರನೇ ದಿನ ಅವನ ಆಳುಗಳು ಬಂದು, ಕತ್ತಲಾಗುವ ಮೊದಲು ಬಯಲು ಬಿಡಿ ಎಂದರು. ನಾವು ಕಡ್ಡಿಗಳನ್ನು ಕಂತೆ ಕಟ್ಟುತ್ತಿದ್ದಾಗ ಹಬೀಬೊ ಅತ್ತೆ ಬಂದು ಎದುರು ನಿಂತಳು. ಅವಳ ಸಣ್ಣ ಮಗು ಹೆಗಲ ಮೇಲೆ ಅಳುತ್ತಿತ್ತು.

"ಹೋಗ್ತಿದೀರಾ?"

"ಹೂಂ ಅತ್ತೆ."

"ನಿಮ್ಮ ಮಾನ ನಾವೂ ಉಂಡ್ವಿ ಮದೀನೊ. ಐದು ಮಕ್ಕಳೂ ಉಂಡ್ವು. ಹೊಟ್ಟೆ ತುಂಬ್ತು."

ಅವಳು ನೆಲಕ್ಕೆ ಉಗಿದು ಹೋದಳು. ನಾನು ಅವಳ ಹಿಂದೆ ಹೋಗಿ, ಕದ್ದದ್ದು ನೂರೋವ, ನಿಲ್ಲಿಸಿದ್ದು ಆಫೀಸು, ಉಗಿಯುವುದು ನಮಗಾ ಎಂದು ಕೇಳಬೇಕೆಂದಿದ್ದೆ. ಆ ಮಗು ಅಳುತ್ತಿದ್ದದ್ದು ನೋಡಿ ಮತ್ತೆ ಕಂತೆ ಕಟ್ಟತೊಡಗಿದೆ.

ಈಗ ನಾವು ಪಟ್ಟಣದ ಇನ್ನೊಂದು ಮಗ್ಗುಲಿನ ಬಯಲಿನಲ್ಲಿದ್ದೇವೆ. ಇಲ್ಲಿಯೂ ಒಬ್ಬ ಕರಿಬೆಕ್ಕು ಇದ್ದಾನೆ, ಹೆಸರು ಬೇರೆ. ಅಮ್ಮನ ಎಡ ಭುಜ ಸರಿಯಾಗಿ ಏಳುವುದಿಲ್ಲ. ಆದರೂ ಒಂದೇ ಕೈಯಲ್ಲಿ, ನನ್ನನ್ನು ಬೈದು ಬೈದು ಕೆಲಸ ಮಾಡಿಸಿ, ಗುಡಿಸಲು ಎಬ್ಬಿಸಿದಳು. ಸೇರುವೆ ಸೇರುವೆಗೂ ಗಂಟು. ಗಾಳಿಗೆ ಅಲುಗುವುದಿಲ್ಲ.

ಸರ್ವೆಯವರು ಬರುತ್ತಾರೆಂದು ಸುದ್ದಿ ಬಂದ ದಿನ ನಾನು ಚಾಕು ತೆಗೆದುಕೊಂಡು ಸೂರಿಗೆ ತೂತು ಮಾಡಲು ಹೋದೆ. ನಾಲ್ಕು ತೂತು ಸಾಕು, ಬಡತನದ ಅಂಕ ಬರುತ್ತದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಸೂರಿಗೆ ಕೈ ಹಚ್ಬೇಡ."

"ಮತ್ತೆ ಕಾರ್ಡು ಹೋಗುತ್ತಮ್ಮ."

"ಹಚ್ಬೇಡ ಅಂದೆ."

ಬಂದವನು ಒಬ್ಬ ಗಂಡಸು, ಚಿಕ್ಕ ವಯಸ್ಸು, ಹೊಸ ಫೋನು. ಸಲಾಂ ಹೇಳಿ ಬಾಗಿಲಲ್ಲಿ ನಿಂತ. ಅಮ್ಮ ಚಾಪೆ ಹಾಸಿದಳು. ನಾನು ಅಭ್ಯಾಸಬಲದಿಂದ ಎದ್ದೆ, ಪಕ್ಕದವರ ಹತ್ತಿರ ಸಕ್ಕರೆ ಕೇಳಲು. ಅಮ್ಮ ನನ್ನ ಲಂಗದ ಅಂಚು ಹಿಡಿದು ಕೂರಿಸಿದಳು. ಅವಳ ಗಂಟಲು ಮೇಲೆ ಕೆಳಗೆ ಆಡುತ್ತಿರುವುದು ನನಗೆ ಕಾಣಿಸುತ್ತಿತ್ತು, ತೊಗಟೆ ಅಗಿಯುವಾಗ ಆಡುತ್ತಿದ್ದ ಹಾಗೆ.

"ಕೂತ್ಕೊಳಪ್ಪ," ಅಂದಳು. "ಚಹಾ ಇಲ್ಲ."

ಅವನಿಗೆ ಅದು ಏನೆಂದು ತಿಳಿಯಲಿಲ್ಲ. ಪರವಾಗಿಲ್ಲ ಚಿಕ್ಕಮ್ಮ ಎಂದು ಕೂತ. ಫೋನು ತೆರೆದ. ಮೊದಲು ತಲೆಯೆತ್ತಿ ಸೂರು ನೋಡಿದ.

ಅಮ್ಮ ಒಲೆಯ ಮೇಲಿದ್ದ ಪಾತ್ರೆಯನ್ನು ಒಂದೇ ಕೈಯಲ್ಲಿ ಎತ್ತಿ ತಂದು ಅವನ ಮಂಡಿಯ ಮುಂದೆ ಇಟ್ಟು ಮುಚ್ಚಳ ತೆಗೆದಳು.

"ಅಲ್ಲಿ ಅಲ್ಲ. ಇಲ್ಲಿ ನೋಡಿ ಬರ್ಕೋ."